ಹೊಲಿಗೆ ಇಲ್ಲದ ಆಪರೇಷನ್

ಮೊನ್ನೆ ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರೋ ನೂಲಿಗೆ ಗಂಜಿ ಹಾಕುತ್ತಿದ್ದರು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಕಾಕಾ ನೆನಪಾದರು. ಮಗ್ಗದಿಂದ ಎದ್ದು ಬಂದರೆ ಅವರ ಮೈಯೆಲ್ಲ ಅದೇ ವಾಸನೆ...

ಕಾಕಾಗೆ ಹೊಟ್ಟೆನೋವು ಹಳೆಯದು. ಮೇದೋಜೀರಕ ಗ್ರಂಥಿಗೆ ಬಾವು, ಒಳಗೆ ಹರಳು ಎಂದು ಡಾಕ್ಟರು ಹೇಳಿದ್ದರು. ಅದು ಕುಡುಕರ ರೋಗ ಎಂದು ಓಣಿ ತೀರ್ಮಾನಿಸಿತ್ತು; ಪಾಪ, ಅವರು ಚಹಾ ಬಿಟ್ಟು ಬೇರೇನೂ ಕುಡಿದವರಲ್ಲ. ಒಂದು ಬೆಳಿಗ್ಗೆ ರಕ್ತ ಕಾರಿಕೊಂಡರು. ನನ್ನ ಕಾರಿನಲ್ಲಿ ಮಲಗಿಸಿಕೊಂಡು ಮೀರಜಿನ ದೊಡ್ಡ ದವಾಖಾನೆಗೆ ಓಡಿದೆ. ಬಾವಿನಿಂದ ಪಕ್ಕದ ರಕ್ತನಾಳ ಸವೆದು, ಗುಳ್ಳೆಯಂತೆ ಉಬ್ಬಿ ಒಡೆದಿತ್ತು. ಅಲ್ಲಿ ಹೊಟ್ಟೆ ಕೊಯ್ಯಲಿಲ್ಲ. ತೊಡೆಸಂದಿಯಲ್ಲಿ ಚುಚ್ಚಿ, ರಕ್ತನಾಳದೊಳಗೇ ಸಣ್ಣ ನಳಿಗೆ ಹಾಯಿಸಿ, ತಂತಿಯ ಸುರುಳಿ ತುಂಬಿ ಸೋರಿಕೆ ಮುಚ್ಚಿದರು.

ಡಾಕ್ಟರು ನನ್ನನ್ನು ಕರೆದು, ಇನ್ನೊಂದು ನಾಳವೂ ಉಬ್ಬುವ ಹಾಗಿದೆ, ತಿಂಗಳೊಳಗೆ ಸ್ಕ್ಯಾನಿಗೆ ಕರೆತನ್ನಿ ಎಂದರು. ಕಾಕಾ ಮಂಪರಿನಲ್ಲಿದ್ದರು, ಅವರ ಹೆಂಡತಿ ಕಾಕೂ ಔಷಧಿ ತರಲು ಕೆಳಗೆ ಹೋಗಿದ್ದರು. ಕೇಳಿಸಿಕೊಂಡವನು ನಾನೊಬ್ಬನೇ.

ಊರಿಗೆ ಬಂದ ಮೇಲೆ ಮಾತನಾಡಿಸಲು ಬಂದವರೆಲ್ಲ ಅವರ ಅಂಗಿ ಎತ್ತಿಸಿ ನೋಡಿದರು. "ಇದೆಂಥಾ ಆಪರೇಶನ್ರೀ, ಒಂದ ಹೊಲಿಗೀನೂ ಇಲ್ಲ!" ನಮ್ಮಲ್ಲಿ ಆಪರೇಷನ್ ಆದವರು ದವಾಖಾನೆಗೆ ಮತ್ತೆ ಹೋಗುವುದು ಹೊಲಿಗೆ ಬಿಚ್ಚಿಸಲು ಮಾತ್ರ. ಅಲ್ಲಿಗೆ ರೋಗ ಮುಗಿಯಿತು.

ಕಾಕಾ ಮತ್ತೆ ಮಗ್ಗಕ್ಕೆ ಕೂತರು. ಒಂದು ದಿನ ಅವರೇ ಕೇಳಿದರು, "ತಮ್ಮಾ, ಮತ್ತ ಮೀರಜಿಗಿ ಹೋಗೂದೇನರ ಐತೇನೋ?"

"ಹೊಲಿಗೀನ ಇಲ್ಲ, ಏನ್ ಬಿಚ್ಚಸಾಕ ಹೋಗೂದ್ರಿ ಕಾಕಾ?" ಎಂದು ನಾನು ನಕ್ಕೆ. ಅವರೂ ನಕ್ಕರು. ದೀಪಾವಳಿಗೆ ನೇಯುವ ಸೀರೆಗಳ ಗದ್ದಲ ಮುಗಿಯಲಿ, ಆಮೇಲೆ ಕರೆದೊಯ್ದರಾಯಿತು ಎಂದುಕೊಂಡಿದ್ದೆ. ಅಷ್ಟು ಗಟ್ಟಿಯಾಗಿ ಕಾಣುತ್ತಿದ್ದರು...

ದೀಪಾವಳಿಗೆ ಮೊದಲೇ ಮತ್ತೆ ರಕ್ತ ಬಂತು. ಮೀರಜಿನ ದಾರಿಯಲ್ಲಿ ತೇರದಾಳ ದಾಟುವಷ್ಟರಲ್ಲಿ, ನನ್ನ ಕಾರಿನಲ್ಲೇ, ಕಾಕಾ ಹೋಗಿಬಿಟ್ಟರು.

ಮಣ್ಣು ಮಾಡಿದ ದಿನ ಕಾಕೂ ಎಲ್ಲರೆದುರು ನನ್ನ ಕೈ ಹಿಡಿದು, "ಇವ ಇದ್ದಾನಂತ ಅವ್ರು ಇಷ್ಟ ದಿನರ ಉಳದ್ರು" ಎಂದರು. ನಾನು ತಲೆ ತಗ್ಗಿಸಿದೆ. ಅದನ್ನು ದುಃಖವೆಂದುಕೊಂಡರು. ಡಾಕ್ಟರು ಹೇಳಿದ್ದನ್ನು ಇಂದಿಗೂ ಅವರಿಗೆ ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ.

ಇವತ್ತು ಕಾಕೂ ಸಾವಳಗಿಯ ತವರಿನಿಂದ ಅಣ್ಣನನ್ನು ಕರೆತಂದಿದ್ದಾರೆ. ಅವರಿಗೂ ಅಂಥದೇ ಹೊಟ್ಟೆನೋವು.

"ಇವರ್ನೂ ನೀನ ಕರ್ಕೊಂಡ ಹೋಗಪಾ. ನಿನ್ನ ಕೈಗುಣ ಛಲೋ ಐತಿ."

ಕಾಕೂನನ್ನೂ ಕಾರಿನಲ್ಲಿ ಕೂರಿಸಿಕೊಂಡೆ. ತಿರುಗಿ ಬರಬೇಕೆಂದು ಡಾಕ್ಟರು ಹೇಳಿದರೆ, ಈ ಸಲ ಅವರೇ ಕೇಳಲಿ. ಕೇಳಿ, ಹೋದ ಸಲವೂ ಹೀಗೇ ಹೇಳಿದ್ದರೇನು ಎಂದು ನನ್ನ ಮುಖ ನೋಡಿದರೆ ನೋಡಲಿ.