ಬಷೀರಣ್ಣ ಒಪ್ಪಿಸಿದ ಕೈ

ಬಸ್ಸಿನ ಮೇಲಿನ ಕಂಬಿ ಹಿಡಿದು ನಿಲ್ಲುವವರ ಕಂಕುಳನ್ನು ನನ್ನಷ್ಟು ಸಮೀಪದಿಂದ ಅಧ್ಯಯನ ಮಾಡಿದ ವಿದ್ವಾಂಸ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕುಗಳಲ್ಲಿ ಇನ್ನೊಬ್ಬನಿರಲಾರ. ಇಪ್ಪತ್ತು ವರ್ಷದ ಕಂಡಕ್ಟರಿಕೆಯ ಈ ಸಂಶೋಧನೆಗೆ ಯಾವ ವಿಶ್ವವಿದ್ಯಾಲಯವೂ ಡಾಕ್ಟರೇಟ್ ಕೊಡಲಿಲ್ಲವೆಂಬ ಕೊರಗೇನೂ ನನಗಿಲ್ಲ. ಎತ್ತಿದ ಕೈಯನ್ನು ನೋಡಿಯೇ ಮನುಷ್ಯ ಎಂಥವನೆಂದು ಹೇಳಬಲ್ಲೆನೆಂಬ ಜಂಭ ಮಾತ್ರ ಇತ್ತು. ಅದು ಇಳಿದದ್ದು ನನ್ನದೇ ಕೈಯ ವಿಷಯದಲ್ಲಿ. ಪುರುಸೊತ್ತಿದ್ದರೆ ಕೇಳಿ, ಡಿಪೋದಲ್ಲಿ ಹೇಳಿಕೊಳ್ಳುವ ಮುಖ ನನಗಿಲ್ಲ.

ನಮ್ಮ ನೌಕರರ ಸಂಘದ ಮತದಾನಕ್ಕೆ ಚೀಟಿ, ಪೆಟ್ಟಿಗೆಗಳ ಗೊಡವೆಯಿಲ್ಲ. ಡಿಪೋದ ಶೆಡ್ಡಿನಲ್ಲಿ ನಿಂತು ಕೈ ಎತ್ತಿದರಾಯಿತು. ಬಸ್ಸುಗಳನ್ನು ನಿಲ್ಲಿಸುವಂತಿಲ್ಲವಾದ್ದರಿಂದ ಡ್ಯೂಟಿಗೆ ಹೋಗುವವನು ಉಳಿದವನೊಬ್ಬನಿಗೆ ತನ್ನ ಕೈಯನ್ನು ಒಪ್ಪಿಸಿ ಹೋಗುವುದು ವಾಡಿಕೆ. ಬಲಗೈ ನಮ್ಮದು, ಎಡಗೈ ಒಪ್ಪಿಸಿದವನದು. ಇದಕ್ಕೆ ಸಾಕ್ಷಿಯೂ ಇಲ್ಲ, ಸಹಿಯೂ ಇಲ್ಲ. ಆದರೂ ಅದುವರೆಗೆ ಯಾರೂ ಯಾರ ಕೈಯನ್ನೂ ನುಂಗಿಹಾಕಿರಲಿಲ್ಲ.

ಈ ಸಲ ಮೇಲಿನಿಂದ ಬಂದ ವೇತನ ಪರಿಷ್ಕರಣೆಯ ಪ್ರಸ್ತಾವ ನನ್ನಂಥ ಮಧ್ಯವಯಸ್ಕರಿಗೆ ಮೃಷ್ಟಾನ್ನವಲ್ಲದಿದ್ದರೂ ಬಿಸಿ ಉಪ್ಪಿಟ್ಟಾದರೂ ಆಗಿತ್ತು. ಆದರೆ ಅದು ಜಾರಿಯಾಗುವಷ್ಟರಲ್ಲಿ ನಮ್ಮ ಡಿಪೋದ ಹನ್ನೆರಡು ಮಂದಿ ನಿವೃತ್ತರಾಗಿ, ಹಳೆಯ ಸಂಬಳದ ಲೆಕ್ಕದಲ್ಲೇ ಮನೆ ಸೇರಬೇಕಿತ್ತು. ಸಂಘ ಅದನ್ನು ತಿರಸ್ಕರಿಸಿ, ಹಿಂದಿನ ದಿನಾಂಕದಿಂದಲೇ ಕೊಡಿರೆಂದು ಪಟ್ಟು ಹಿಡಿದರೆ ಮಾತ್ರ ಅವರಿಗೊಂದು ಆಸೆ. ಅವರಲ್ಲೊಬ್ಬರು ತರೀಕೆರೆಯ ಬಷೀರಣ್ಣ, ಒಂಬತ್ತು ವರ್ಷ ನನ್ನ ಬಸ್ಸಿನ ಸ್ಟಿಯರಿಂಗ್ ಹಿಡಿದ ಡ್ರೈವರು. ನಿಂತು ಟಿಕೆಟ್ ಕೊಡುವ ನಾನು ಮುಗ್ಗರಿಸಬಾರದೆಂದು ಯಗಟಿ ದಾರಿಯ ಗುಂಡಿಗಳಲ್ಲಿ ಬಸ್ಸನ್ನು ತೊಟ್ಟಿಲಿನ ಹಾಗೆ ಇಳಿಸುತ್ತಿದ್ದ ಪುಣ್ಯಾತ್ಮರು.

ಮತದಾನದ ದಿನ ನನಗೆ ವಾರದ ರಜೆ, ಅವರಿಗೆ ಯಗಟಿ ಡ್ಯೂಟಿ. ಬಸ್ಸು ಹೊರಡಿಸುವ ಮುನ್ನ ಕಿಟಕಿಯಿಂದ ತಲೆ ಹೊರಹಾಕಿದರು. ನನ್ನ ಓದಿನ ಗೀಳಿಗೆ ಅವರಿಟ್ಟ ಹೆಸರು ಪಂಡಿತಪ್ಪ.

"ಪಂಡಿತಪ್ಪಾ, ನನ್ ಕೈ ನಿಂಗೊಪ್ಸಿದೀನಿ, ಬ್ಯಾಡ ಅಂತ ಎತ್ಬಿಡು. ಸೋಲ್ತೀವಿ, ಗೊತ್ತು. ಆದ್ರೂ ಹನ್ನೆರಡು ಜನ ಒಪ್ಲಿಲ್ಲ ಅಂತ ಗೊತ್ತಾಗ್ಲಿ ಕಣಪ್ಪಾ."

ಒಪ್ಪುವವರು ಕೈ ಎತ್ತಿ ಎಂದು ಸಂಘದ ಕಾರ್ಯದರ್ಶಿ ಅಂದಾಗ ನನ್ನ ಬಲಗೈ ನಿಸ್ಸಂಕೋಚವಾಗಿ ಮೇಲೇರಿತು. ನನ್ನ ಲಾಭ ನನಗೆ ಬೇಕಿತ್ತು, ಅದನ್ನೇನೂ ಮುಚ್ಚಿಡುವುದಿಲ್ಲ. ವಿರೋಧಿಸುವವರು ಎಂದಾಗ ಅಲ್ಲೊಂದು ಇಲ್ಲೊಂದು ನರೆಗೂದಲಿನ ಕೈಗಳು ಎದ್ದವು. ಹಿಂದಿನಿಂದ ಯಾರೋ, "ಹೋಗೋರು ಹೋಗೋದ್ಬಿಟ್ಟು ನಮ್ ಅನ್ನಕ್ಕೆ ಕಲ್ಲಾಕ್ತಾರೆ ನೋಡ್ರೀ" ಅಂದ. ಇಡೀ ಶೆಡ್ಡು ನಕ್ಕಿತು. ನಾನು ಎಡಗೈ ಎತ್ತಿದ್ದರೆ ಅದು ಒಪ್ಪಿಸಿದ ಕೈಯೆಂದು ಎಲ್ಲರಿಗೂ ತಿಳಿಯುತ್ತಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೂ ಆ ನಗು ಒಂದು ಕ್ಷಣ ನನ್ನ ಕಡೆ ತಿರುಗೀತೆಂದು ಹೆದರಿದ ಪಂಡಿತ, ಎಡಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ನಿಂತುಬಿಟ್ಟ. ಕಾರ್ಯದರ್ಶಿ ಎಣಿಸಿ ಬೋರ್ಡಿನ ಮೇಲೆ ಬರೆದರು: ವಿರೋಧ, ಹನ್ನೊಂದು.

ಬಷೀರಣ್ಣ ಆ ಸಂಜೆ ಏನೂ ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ. ಬೋರ್ಡು ನೋಡಿರಲಾರರೆಂದು ನಂಬಿಕೊಂಡೆ. ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು.

ಅವರ ಬೀಳ್ಕೊಡುಗೆಯ ದಿನ ಹೆಂಡತಿ, ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದರು. ಹಾರ ಹಾಕಿಸಿಕೊಂಡು ಮಾತಿಗೆ ನಿಂತ ಬಷೀರಣ್ಣ, "ಓಟಿನ ದಿನ ನಾನ್ ಡ್ಯೂಟೀಲಿದ್ದೆ. ನನ್ ಕೈನ ನಮ್ ಪಂಡಿತಪ್ಪ ಎತ್ದ" ಅಂದರು. ಅಂದು ಶೆಡ್ಡಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಅವರ ಹೆಂಡತಿ ನನ್ನನ್ನು ನೋಡಿ ಕೃತಜ್ಞತೆಯಿಂದ ತಲೆಬಾಗಿದರು. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಹಾರಗಳ ಚೀಲ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದವನು ತಡೆಯಲಾರದೆ ಹೇಳಿಬಿಟ್ಟೆ: "ಬಷೀರಣ್ಣ, ಆವತ್ತು ನಾನು ನಿಮ್ ಕೈ ಎತ್ಲಿಲ್ಲ."

"ಗೊತ್ತು ಕಣಪ್ಪಾ. ಬೋರ್ಡಲ್ಲಿ ಹನ್ನೊಂದು ಅಂತಿತ್ತಲ್ಲ."

ಹೆಂಡತಿ, ಮಗಳು ದೂರದಲ್ಲಿದ್ದಾರೆಯೇ ಎಂದು ತಿರುಗಿ ನೋಡಿ, ಅವರು ದನಿ ತಗ್ಗಿಸಿದರು.

"ಇಷ್ಟು ವರ್ಷ ದುಡ್ದ ಡಿಪೋದಲ್ಲಿ ನಂಗೋಸ್ಕರ ಕೈ ಎತ್ತೋನು ಒಬ್ನೂ ಇರ್ಲಿಲ್ಲ ಅಂತ ಮನೆಯೋರ್ ಮುಂದೆ ಹೆಂಗಪ್ಪಾ ಹೇಳ್ಲಿ?"