ದೊಡ್ಡಪ್ಪನ ಹೆಸರಿನ ಮುಂದೆ ಎರಡು ಅಕ್ಷರ

ಆಗೆಲ್ಲ ನಮ್ಮ ಆರ್‌ಪಿಸಿ ಲೇಔಟಿನಲ್ಲಿ ಯಾರ ಮನೆಗಾದರೂ ಮದುವೆ ಕಾರ್ಡು ಬಂದರೆ ಛತ್ರ ಎಲ್ಲಿ, ಮುಹೂರ್ತ ಎಷ್ಟು ಹೊತ್ತಿಗೆ ಎನ್ನುವುದನ್ನು ಆಮೇಲೆ ನೋಡುತ್ತಿದ್ದರು. ಮೊದಲು ನೋಡುತ್ತಿದ್ದುದು ಹೆಸರಿನ ಬಾಲ. ಬಾಲವೆಂದರೆ ಡಿಗ್ರಿ. ಪಕ್ಕದ ಮನೆಯ ಶೈಲಾ ಆಂಟಿ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಹುಡುಗ ಬಿ.ಇ., ಹುಡುಗಿ ಬಿ.ಎಸ್ಸಿ., ಹುಡುಗನ ಅಪ್ಪ ಬಿ.ಎ. ಎಲ್ಎಲ್.ಬಿ. ಎಂದು ಗೇಟಿನ ಹತ್ತಿರ ನಿಂತು ಗಟ್ಟಿಯಾಗಿ ಓದುತ್ತಿದ್ದರು. ಬಾಲವಿಲ್ಲದ ಹೆಸರು ಸಿಕ್ಕರೆ ಒಂದು ಗಳಿಗೆ ತಡೆದು, "ಇವ್ರು ಏನೂ ಓದಿಲ್ಲ ಅಂತ ಕಾಣುತ್ತೆ, ಪಾಪ" ಎನ್ನುತ್ತಿದ್ದರು. ಆ 'ಪಾಪ' ಇದೆಯಲ್ಲ, ನಾನು ಕೆಟ್ಟಿದ್ದು ಅದರಿಂದಲೇ.

ನಮ್ಮ ಗೇಟಿನಲ್ಲೂ ಹಿತ್ತಾಳೆಯ ಫಲಕವಿತ್ತು. ಅಪ್ಪನ ಹೆಸರು, ಮುಂದೆ ಎಂ.ಕಾಂ. ಅಮ್ಮ ಶುಕ್ರವಾರ ಶುಕ್ರವಾರ ದೇವರ ದೀಪದ ಜೊತೆ ಅದಕ್ಕೂ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಆ ಹುಳಿವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಎಂ.ಕಾಂ.

ಅಪ್ಪನಿಗೆ ಒಬ್ಬನೇ ಅಣ್ಣ, ನಂಜಪ್ಪ ದೊಡ್ಡಪ್ಪ. ಕೆಂಗೇರಿಯಾಚೆ ನಮ್ಮ ಹಳೇ ಊರಲ್ಲೇ ಇದ್ದರು. ಗಾರೆ ಮೇಸ್ತ್ರಿ. ಬೇಸಿಗೆ ರಜ ಬಂತೆಂದರೆ ನನ್ನನ್ನು ಅಲ್ಲಿಗೆ ಅಟ್ಟುತ್ತಿದ್ದರು. ಬೆಳಿಗ್ಗೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ನಾನು ದೊಡ್ಡಪ್ಪನ ಮೊಪೆಡ್ಡಿನ ಹಿಂದೆ ಕೂತು ಕೆಲಸದ ಜಾಗಕ್ಕೆ ಹೋಗುತ್ತಿದ್ದೆ. ಒದ್ದೆ ಸಿಮೆಂಟು, ನೀರು ಹೊಡೆದ ಇಟ್ಟಿಗೆ, ದೊಡ್ಡಪ್ಪನ ಎಲೆಅಡಿಕೆ, ಈ ಮೂರರ ವಾಸನೆ ಸೇರಿದರೆ ನನ್ನ ಬೇಸಿಗೆ ರಜ. ಅಲ್ಲಿ ನನಗೂ ಒಂದು ಕೆಲಸವಿತ್ತು, ಮಟ್ಟ ನೋಡುವುದು. ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪಿನ ಒಂದು ತುದಿಯನ್ನು ನಾನು ಹಿಡಿಯಬೇಕು, ಇನ್ನೊಂದು ತುದಿ ದೊಡ್ಡಪ್ಪನ ಕೈಯಲ್ಲಿ. ಎರಡು ಕಡೆಯ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಗೋಡೆಗೆ ಗುರುತು.

"ನೀರು ಸುಳ್ಳು ಹೇಳಾಕಿಲ್ಲ ಪುಟ್ಟವ್ವ. ನಾವು ಅಲ್ಲಾಡ್ದಂಗೆ ಹಿಡ್ಕಬೇಕು ಅಷ್ಟೆ" ಎನ್ನುತ್ತಿದ್ದರು.

ಮೂರಡಿ, ನಾಲ್ಕಡಿ, ಓರೆಗೆ ಐದಡಿ ಹಗ್ಗ ಹಿಡಿದರೆ ಮೂಲೆ ನೆಟ್ಟಗೆ ಬರುತ್ತದೆ ಎನ್ನುವುದನ್ನು ನಾನು ಕಲಿತಿದ್ದು ಅಲ್ಲೇ. ಸ್ಕೂಲಿನಲ್ಲಿ ಅದೇ ವಿಷಯ ಬರಲು ಇನ್ನೂ ಎರಡು ವರ್ಷ ಬೇಕಾಯಿತು, ಅದೂ ಗ್ರೀಕರ ಹೆಸರಲ್ಲಿ.

ದೊಡ್ಡಪ್ಪ ಓದಿದ್ದು ಏಳನೇ ಕ್ಲಾಸು. ತಮ್ಮನಿಗಾಗಿ ತ್ಯಾಗ ಮಾಡಿ ಬಿಟ್ಟರು ಎಂದೇನೂ ಅಲ್ಲ. ಲೆಕ್ಕದ ಮೇಷ್ಟ್ರ ಜೊತೆ ಜಗಳವಾಡಿ ಬಿಟ್ಟರು. ಒಂದು ನಲ್ಲಿ ತೊಟ್ಟಿಯನ್ನು ನಾಲ್ಕು ಗಂಟೆಯಲ್ಲಿ ತುಂಬುತ್ತದೆ, ಕೆಳಗಿನ ನಲ್ಲಿ ಆರು ಗಂಟೆಯಲ್ಲಿ ಖಾಲಿ ಮಾಡುತ್ತದೆ, ಎರಡನ್ನೂ ಬಿಟ್ಟರೆ ತುಂಬಲು ಎಷ್ಟು ಹೊತ್ತು ಎಂದು ಮೇಷ್ಟ್ರು ಕೇಳಿದರಂತೆ. ಇವರು ಎದ್ದು ನಿಂತು, "ಹನ್ನೆರಡು ಗಂಟೆ ಸಾ. ಆದ್ರೆ ಕೆಳಗಿನ ನಲ್ಲಿ ಯಾಕ್ ಬಿಟ್ಟವ್ರೆ, ಮೊದ್ಲು ಅದನ್ನ ಮುಚ್ಚಿ" ಅಂದರಂತೆ. ಬಿತ್ತು ಬಾಸುಂಡೆ ಬರುವ ಹಾಗೆ. ಮಾರನೆಯ ದಿನದಿಂದ ಆ ಕಡೆ ತಲೆಹಾಕಿ ಮಲಗಲಿಲ್ಲ.

ನನಗೆ ಐದನೇ ಕ್ಲಾಸಿನಲ್ಲಿ ಅದೇ ಲೆಕ್ಕ ಕೊಟ್ಟಾಗ ಅಪ್ಪ ಎಕ್ಸ್ ಹಾಕಿ ಒಂದು ಪುಟ ಬರೆದುಕೊಟ್ಟಿದ್ದರು. ನನಗೆ ತಲೆಬುಡ ತಿಳಿಯಲಿಲ್ಲ. ದೊಡ್ಡಪ್ಪನನ್ನು ಕೇಳಿದೆ. ಗಾರೆ ಮೆತ್ತಿದ ಕರಣೆ ತೊಳೆಯುತ್ತಲೇ ಹೇಳಿದರು: "ಹನ್ನೆರಡು ಗಂಟೇಲಿ ಮೇಲಿಂದು ಮೂರು ತೊಟ್ಟಿ ತುಂಬುಸ್ತದೆ. ಕೆಳಗಿಂದು ಎರಡು ತೊಟ್ಟಿ ಕುಡೀತದೆ. ಉಳಿದಿದ್ದೆಷ್ಟು?"

"ಒಂದು!"

"ಅಷ್ಟೇಯ. ಅದಕ್ಕ್ಯಾಕೆ ಅಳ್ತಾ ಕೂತಿದ್ದೀಯ?"

ನಮ್ಮ ಮನೆ ಕಟ್ಟುವಾಗ ಎಂಜಿನಿಯರ್ ಕೊಟ್ಟ ನಕ್ಷೆ ನೋಡಿ ದೊಡ್ಡಪ್ಪ, "ಮೆಟ್ಲು ಹತ್ತೋವಾಗ ತೊಲೆ ತಲೆಗೆ ಹೊಡೀತದೆ ಕಣೋ" ಎಂದಿದ್ದರಂತೆ. ಅಪ್ಪ, "ಅವ್ರು ಓದಿರೋರು ಅಣ್ಣ, ನೋಡೇ ಹಾಕಿರ್ತಾರೆ" ಎಂದರು. ನಮ್ಮ ಮನೆಯ ಐದನೇ ಮೆಟ್ಟಿಲಿನಲ್ಲಿ ನೆಂಟರೆಲ್ಲ ಇವತ್ತಿಗೂ ತಲೆ ಚಚ್ಚಿಕೊಳ್ಳುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಅದನ್ನು ಮಾಡಿದೆ. ಗೊತ್ತಿಲ್ಲದ ಮಗು ಎಂದು ನನ್ನನ್ನು ಕ್ಷಮಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ದೊಡ್ಡಪ್ಪನ ಮಗಳು ಸುನಂದಕ್ಕನಿಗೆ ಬಸವೇಶ್ವರನಗರದ ಸಂಬಂಧ ಗೊತ್ತಾಯಿತು. ನಾನು ಆಗ ಆರನೇ ಕ್ಲಾಸು ಮುಗಿಸಿದ್ದೆ. ಕಾರ್ಡಿನ ಒಂದು ಮಗ್ಗುಲು ಕನ್ನಡ, ಇನ್ನೊಂದು ಇಂಗ್ಲಿಷು. ಕನ್ನಡದ್ದನ್ನು ಐನೋರು ಹಳೇ ಪದ್ಧತಿಯಲ್ಲಿ ಬರೆದುಕೊಟ್ಟರು, ಅದರಲ್ಲಿ ಬಾಲಗೀಲ ಇರಲಿಲ್ಲ. ಇಂಗ್ಲಿಷಿನದನ್ನು ಅಪ್ಪ ಹೇಳುತ್ತಾ ಹೋದರು, ಅಕ್ಷರ ಚೆನ್ನಾಗಿದೆಯೆಂದು ನನ್ನ ಕೈಲಿ ಬರೆಸಿದರು. ಬರೆದು ಮುಗಿಸಿ ನೋಡಿದೆ. ಹುಡುಗ ಬಿ.ಇ. ಅವನಪ್ಪ ಬಿ.ಎಸ್ಸಿ. ಸುನಂದಕ್ಕ ಬಿ.ಕಾಂ. ಕೆಳಗೆ ಅಪ್ಪ ಎಂ.ಕಾಂ. ನಡುವೆ ದೊಡ್ಡಪ್ಪನ ಹೆಸರು ಮಾತ್ರ ಬೋಳಾಗಿ ನಿಂತಿತ್ತು. ಈ ಕಾರ್ಡು ಶೈಲಾ ಆಂಟಿಯ ಮನೆಗೂ ಹೋಗುತ್ತದೆ. ಅವರು ಅಲ್ಲಿ ತಡೆಯುತ್ತಾರೆ. 'ಪಾಪ' ಎನ್ನುತ್ತಾರೆ.

ಅಪ್ಪ ಎದ್ದು ಹೋದ ಮೇಲೆ ದೊಡ್ಡಪ್ಪನ ಹೆಸರಿನ ಮುಂದೆ ಬಿ.ಎ. ಎಂದು ಬರೆದೆ. ಎರಡೇ ಅಕ್ಷರ. ನನ್ನ ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಚಿಕ್ಕ ಡಿಗ್ರಿ, ಯಾರ ಕಣ್ಣಿಗೂ ಬೀಳುವುದಿಲ್ಲ.

ವಿಜಯನಗರದ ಪ್ರೆಸ್ಸಿಗೆ ದೊಡ್ಡಪ್ಪನೇ ನನ್ನನ್ನು ಕರೆದುಕೊಂಡು ಹೋದರು. ಮೂರು ದಿನ ಬಿಟ್ಟು ಪ್ರೂಫು ನೋಡಲು ಹೋದಾಗಲೂ ಅಷ್ಟೆ. ಕನ್ನಡದ ಮಗ್ಗುಲನ್ನು ಅವರು ಬೆರಳಿಟ್ಟು ಓದಿದರು. ತಿರುಗಿಸಿ ನನಗೆ ಕೊಟ್ಟರು.

"ಇದು ನಿಂಗೇ ಗೊತ್ತಾಗೋದು. ಸರಿಯಾಗ್ ಅದಾ ನೋಡವ್ವ."

ಆಗಲಾದರೂ ಹೇಳಬಹುದಿತ್ತು. "ಸರಿಯಾಗಿದೆ ದೊಡ್ಡಪ್ಪ" ಎಂದೆ. ಖುಷಿಯಾಗಿ ನನಗೆ ಮಸಾಲೆ ದೋಸೆ ಕೊಡಿಸಿದರು. ತಿಂದೆ ಕೂಡ.

ಕಾರ್ಡಿನ ಕಟ್ಟು ಮನೆಗೆ ಬಂತು. ಅಮ್ಮ ಮೂಲೆಗಳಿಗೆ ಅರಿಶಿನ ಹಚ್ಚುತ್ತಿದ್ದಳು. ಅಪ್ಪ ಒಂದನ್ನು ತೆಗೆದು ಓದಿದರು. ಓದುತ್ತಾ ನಿಂತರು. ನನ್ನನ್ನು ರೂಮಿಗೆ ಕರೆದರು.

"ನೀನ್ ಬರೆದ್ಯಾ ಇದನ್ನ?"

ತಲೆಯಾಡಿಸಿದೆ. ಏಟು ಬೀಳುತ್ತದೆಂದು ಕೆನ್ನೆ ಬಿಗಿಹಿಡಿದುಕೊಂಡೆ. ಅಪ್ಪ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದರು.

"ಇರ್ಲಿ ಬಿಡು. ಪ್ರಿಂಟ್ ಆಗೋಗಿದೆ. ಯಾರ್ ನೋಡ್ತಾರೆ."

ಏಟು ಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಅಪ್ಪನ ಮುಖದಲ್ಲಿ ಸಣ್ಣದೊಂದು ಸಮಾಧಾನ ಕಂಡಿದ್ದನ್ನು ನಾನು ಮರೆತಿಲ್ಲ. ನನ್ನ ನಾಚಿಕೆಯೂ ಅಪ್ಪನ ನಾಚಿಕೆಯೂ ಒಂದೇ ಎಂದು ತಿಳಿದು ನನಗೆ ಧೈರ್ಯವೇ ಬಂತು.

ವರಪೂಜೆಯ ಸಂಜೆ. ಛತ್ರದ ಬಾಗಿಲಲ್ಲಿ ನಾನು ಜರಿಲಂಗ ಹಾಕಿಕೊಂಡು ಪನ್ನೀರು ಎರಚುತ್ತಿದ್ದೆ. ಪಕ್ಕದಲ್ಲೇ ಬೀಗರಿಗೆ ಉಪ್ಪಿಟ್ಟು, ಕೇಸರಿಬಾತು ಕೊಟ್ಟು ದೊಡ್ಡಪ್ಪ ಉಪಚಾರ ಮಾಡುತ್ತಿದ್ದರು. ಹುಡುಗನ ಚಿಕ್ಕಪ್ಪ ಕಾಲೇಜಿನಲ್ಲಿ ಪಾಠ ಮಾಡಿ ರಿಟೈರ್ ಆದವರು, ಒಳ್ಳೆಯ ಮನುಷ್ಯ. ಮಾತಿಗೆ ಮಾತು ಎಂದು ಕೇಳಿದರು.

"ಬೀಗರೇ, ನೀವು ಬಿ.ಎ. ಯಾವ ಕಾಲೇಜಲ್ಲಿ ಮಾಡಿದ್ದು? ನಂದೂ ಬಿ.ಎ.ನೇ."

"ಯಾರು, ನಾನಾ?" ದೊಡ್ಡಪ್ಪ ನಕ್ಕರು. "ನಂದು ಏಳ್ನೇ ಕ್ಲಾಸು ಸ್ವಾಮಿ. ಹೆಣ್ಣು ನೋಡಾಕೆ ಬಂದಾಗ್ಲೇ ಹೇಳಿದ್ನಲ್ಲ."

"ಮತ್ತೆ ಕಾರ್ಡಲ್ಲಿ ಹಾಕಿಸಿದೀರಲ್ಲ?" ಚಿಕ್ಕಪ್ಪ ಜೇಬಿನಿಂದ ಕಾರ್ಡು ತೆಗೆದು, ಆ ಜಾಗದ ಮೇಲೆ ಬೆರಳಿಟ್ಟು ತೋರಿಸಿದರು.

ದೊಡ್ಡಪ್ಪ ಬಗ್ಗಿ ನೋಡಿದರು. ಆಮೇಲೆ ತಲೆಯೆತ್ತಿ ಸೀದಾ ನನ್ನ ಕಡೆ ನೋಡಿದರು. ಎದುರಿಗೆ ಯಾರೂ ಇಲ್ಲದಿದ್ದರೂ ನಾನು ಪನ್ನೀರು ಎರಚುತ್ತಲೇ ಇದ್ದೆ. ಅವರಿಗೆ ಅಷ್ಟು ಸಾಕಾಯಿತು. ಅಪ್ಪ ಎರಡು ಮಾರು ದೂರದಲ್ಲಿದ್ದರು, ವಾಚಿಗೆ ಕೀ ಕೊಡುತ್ತಾ ನಿಂತುಬಿಟ್ಟರು.

"ಹೂಂ ಸ್ವಾಮಿ. ನಾನೇ ಹಾಕ್ಸಿದ್ದು" ಎಂದರು ದೊಡ್ಡಪ್ಪ. "ಮಗಳ ಮದ್ವೆ... ಎಲ್ಲಾರ್ದೂ ಇತ್ತು, ನಂಗೂ ಆಸೆ ಆಗೋಯ್ತು. ತಪ್ಪಾಯ್ತು."

ಬೀಗರ ಕಡೆ ಯಾರೋ ಕಿಸಕ್ಕೆಂದರು. ಹುಡುಗನ ತಾಯಿ ನಗಲಿಲ್ಲ. "ಕಾರ್ಡಲ್ಲೇ ಸುಳ್ಳು ಹಾಕಿಸಿದೀರಿ ಅಂದ್ರೆ... ಹುಡುಗಿ ಬಿ.ಕಾಂ. ಆಗಿರೋದಾದ್ರೂ ನಿಜಾನಾ?"

ಚಿಕ್ಕಪ್ಪ, "ಛೆ ಛೆ, ಬಿಡಿ ಅತ್ತಿಗೆ" ಎಂದು ಎಷ್ಟು ಹೇಳಿದರೂ ಆಕೆ ಒಪ್ಪಲಿಲ್ಲ. ಮಾರ್ಕ್ಸ್ ಕಾರ್ಡು ನೋಡದೆ ಶಾಸ್ತ್ರ ಮುಂದುವರಿಯುವುದು ಬೇಡ ಎಂದರು. ಓಲಗದವರು ನಿಲ್ಲಿಸಿ ಕೂತರು. ಒಳಗೆ ಸುನಂದಕ್ಕ ಅಳುತ್ತಿದ್ದಳು. ದೊಡ್ಡಪ್ಪ ಹೊಸ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ಮೊಪೆಡ್ ಹತ್ತಿ, ಕೆಂಗೇರಿಯಾಚೆಗೆ ಹೋಗಿ ಮಗಳ ಮಾರ್ಕ್ಸ್ ಕಾರ್ಡು ತಂದರು. ತಂದು ಎರಡು ಕೈಯಲ್ಲಿ ಹಿಡಿದು ಕೊಟ್ಟರು. ಆಕೆ ದೀಪದ ಹತ್ತಿರ ಹಿಡಿದು ಒಂದೊಂದು ಸಾಲನ್ನೂ ಓದುವವರೆಗೆ ನಿಂತೇ ಇದ್ದರು.

ಅಷ್ಟು ಹೊತ್ತೂ ನಾನು ಬಾಗಿಲಲ್ಲೇ ಇದ್ದೆ. ಬಾಯಲ್ಲಿ ನಾಲಿಗೆ ಇತ್ತು. "ಬರೆದಿದ್ದು ನಾನು" ಎಂದರೆ ಮುಗಿಯುತ್ತಿತ್ತು. ಹನ್ನೊಂದು ವರ್ಷದ ಹುಡುಗಿಯನ್ನು ಯಾರು ನೇಣಿಗೆ ಹಾಕುತ್ತಿದ್ದರು? ನಾನು ಹೇಳಲಿಲ್ಲ. ಅಪ್ಪನೂ ಹೇಳಲಿಲ್ಲ.

ಮದುವೆ ನಡೆಯಿತು. ದೊಡ್ಡಪ್ಪ ನನ್ನನ್ನು ಒಂದು ಮಾತೂ ಕೇಳಲಿಲ್ಲ, ಗದರಲಿಲ್ಲ. ಊಟದ ಪಂಕ್ತಿಯಲ್ಲಿ ಬಂದು ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ಆದರೆ ಊರಿನಲ್ಲಿ ಸುದ್ದಿ ಹಬ್ಬಿತ್ತು. ಮುಂದಿನ ಬೇಸಿಗೆ ಹೋದಾಗ ಅಂಗಡಿ ಜಗಲಿಯವರು, "ಏನ್ ಬಿ.ಎ. ಮೇಸ್ತ್ರಿಗಳೇ, ಸವಾರಿ ಎಲ್ಲಿಗೆ?" ಎಂದು ಕೂಗುವುದನ್ನು ಮೊಪೆಡ್ಡಿನ ಹಿಂದೆ ಕೂತೇ ಕೇಳಿಸಿಕೊಂಡೆ. ದೊಡ್ಡಪ್ಪ ಕೈಯೆತ್ತಿ ನಗುತ್ತಾ ಹೋದರು.

ಆ ರಜದಲ್ಲೇ ಒಂದು ಲೆಕ್ಕ ತೆಗೆದುಕೊಂಡು ಅವರ ಹತ್ತಿರ ಹೋದೆ. ನಿಜ ಹೇಳಬೇಕೆಂದರೆ ಲೆಕ್ಕ ನನಗೆ ಬರುತ್ತಿತ್ತು. ಎಲ್ಲ ಮೊದಲಿನ ಹಾಗೇ ಇದೆಯೆಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ದೊಡ್ಡಪ್ಪ ಕರಣೆ ತೊಳೆಯುತ್ತಿದ್ದರು. ಪುಸ್ತಕ ನೋಡಿದರು, ಮುಟ್ಟಲಿಲ್ಲ.

"ನಿಮ್ಮಪ್ಪನ್ನ ಕೇಳವ್ವ. ನಾನ್ ಓದಿಲ್ಲ, ನಂಗೇನ್ ತಿಳೀತದೆ."

ವ್ಯಂಗ್ಯವಿರಲಿಲ್ಲ, ಕೋಪವಿರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಅವರು ಅದನ್ನು ನಂಬಿದ್ದರು. ಅದಕ್ಕೆ ಮುಂಚೆ ಆ ಬಾಯಲ್ಲಿ ಆ ಮಾತು ನಾನು ಒಂದು ಸಲವೂ ಕೇಳಿರಲಿಲ್ಲ. ಎರಡು ಅಕ್ಷರ ಸೇರಿಸಿ ನಾನು ಅವರ ತಲೆಯೊಳಗಿದ್ದುದನ್ನೆಲ್ಲ ಕಳೆದಿದ್ದೆ.

ನಾನು ಎಂ.ಎಸ್ಸಿ. ಮಾಡಿದೆ, ಬಿ.ಎಡ್. ಮಾಡಿದೆ. ಈಗ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ತೊಟ್ಟಿಯ ಲೆಕ್ಕವನ್ನು ದೊಡ್ಡಪ್ಪನ ದಾರಿಯಲ್ಲೇ ಹೇಳಿಕೊಡುತ್ತೇನೆ, ಚೆನ್ನಾಗಿ ಪಾಠ ಮಾಡುತ್ತೀರೆಂದು ಹೊಗಳಿಸಿಕೊಳ್ಳುತ್ತೇನೆ. ಇದು ಯಾರದ್ದು ಎಂದು ಯಾವ ಮಗುವಿಗೂ ಹೇಳಿಲ್ಲ. ದೊಡ್ಡಪ್ಪನಿಗೆ ತಪ್ಪೊಪ್ಪಿಕೊಳ್ಳಬೇಕೆಂದು ಪ್ರತಿ ಯುಗಾದಿಗೂ ಅಂದುಕೊಂಡು, ಹೋಗಿ, ಒಬ್ಬಟ್ಟು ತಿಂದು ಬಂದೆ.

ಹೋದ ವರ್ಷ ಅವರು ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ ಕಾರ್ಡು ಮಾಡಿಸಿ ಸುನಂದಕ್ಕ ನನ್ನ ಫೋನಿಗೆ ಕಳಿಸಿದಳು. ಅಕ್ಷರ ತಪ್ಪಿದ್ದರೆ ನೋಡು, ನೀನೇ ಓದಿರುವವಳು ಎಂದು. ದೊಡ್ಡಪ್ಪನ ಹೆಸರು ಒಂದೇ ಇತ್ತು. ನಾನು ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕ, ದೊಡ್ಡಪ್ಪನ ಹೆಸರಿನ ಮುಂದೆ ಮೇಸ್ತ್ರಿ ಅಂತ ಹಾಕ್ಸೋಣ್ವಾ?"

"ಬೇಡ ಕಣೇ. ನಮ್ಮತ್ತೆ ಮನೆ ಕಡೆಯೋರೆಲ್ಲ ಬರ್ತಾರೆ." ಅಕ್ಕ ಮೂಗೊರೆಸಿಕೊಂಡಳು. "ಆವತ್ತು ಅಪ್ಪ ತಾನಾಗೇ ಬಿ.ಎ. ಅಂತ ಹಾಕ್ಸ್ಕೊಂಡು ನಗೆಪಾಟಲಾಗಿದ್ದು ಸಾಲ್ದಾ? ನಮ್ಮತ್ತೆ ಸಾಯೋವರ್ಗೂ ಅದನ್ನೇ ಆಡಿದ್ರು. ನಂಗೆ ಅಪ್ಪನ ಮೇಲೆ ಇನ್ನೂ ಕೋಪ ಹೋಗಿಲ್ಲ ಕಣೇ. ಯಾಕಾದ್ರೂ ಹಾಕ್ಸಿದ್ರೋ."

ಫೋನು ನನ್ನ ಕಿವಿಯಲ್ಲೇ ಇತ್ತು. ಹೇಳಲು ಇನ್ನು ಯಾವ ಅಡ್ಡಿಯೂ ಇರಲಿಲ್ಲ, ದೊಡ್ಡಪ್ಪ ಇಲ್ಲ, ಅಪ್ಪ ಇಲ್ಲ, ಆ ಅತ್ತೆಯೂ ಇಲ್ಲ.

"ಇರ್ಲಿ ಬಿಡಕ್ಕ" ಎಂದೆ. "ಕಾರ್ಡು ಸರಿಯಾಗಿದೆ."