ಟ್ರೀಬೆಲ್ಲರ ಸತ್ತ ಮೂಗು

ನಮ್ಮ ಥುರಿಂಜಿಯಾ ಸೀಮೆಯ ಈ ಪುಟ್ಟ ಊರಿಗೆ ನನ್ನ ಗಂಡ ಗಾಂಗೋಲ್ಫ್ ಟ್ರೀಬೆಲ್ಲರೇ ಔಷಧಿ ಅಂಗಡಿಯವರು. ಅಂಗಡಿಯ ಹಿಂದೆ ಒಲೆ ಹೂಡಿ ಗಂಧಕ, ಪಾದರಸ ಎಂದು ಕಾಯಿಸಿ ಕಾಯಿಸಿ ಅವರ ಮೂಗು ಸತ್ತೇ ಹೋಗಿತ್ತು. ಗುಲಾಬಿ ನೀರಿಗೂ ಕುದುರೆ ಗಂಜಲಕ್ಕೂ ವ್ಯತ್ಯಾಸ ತಿಳಿಯದು. ಇದು ಬಯಲಾದರೆ ಅಂಗಡಿಗೆ ಬೀಗ. ಹಾಗಾಗಿ ನಾನೇ ಅವರ ಮೂಗಾದೆ. ಇರಬೇಕಾದ ವಾಸನೆ ಇದ್ದರೆ ಪಕ್ಕದಲ್ಲಿ ನಿಂತು ಒಂದು ಕೆಮ್ಮು, ಇಲ್ಲದಿದ್ದರೆ ಸುಮ್ಮನೆ. ಪಾಪ, ಕೆಮ್ಮಿನ ಹೆಂಗಸು ಎಂದು ಊರವರು ನನಗೆ ಜೇನುತುಪ್ಪ ಕೊಟ್ಟು ಹೋಗುತ್ತಿದ್ದರು!

ಆ ವಸಂತದಲ್ಲಿ ಗಿರಣಿಯ ಒಡೆಯ ಸಾರು ಕುಡಿದವನೇ ಹೊಟ್ಟೆ ಹಿಡಿದುಕೊಂಡು ಸತ್ತ. ಅಡುಗೆಯ ಹುಡುಗಿ ಕುನಿಗುಂಡೆಯೇ ಪಾಷಾಣ ಹಾಕಿದಳೆಂದು ಹಿಡಿದು ತಂದರು. ಪಾಷಾಣ ಕೆಂಡಕ್ಕೆ ಬಿದ್ದರೆ ಬೆಳ್ಳುಳ್ಳಿಯ ವಾಸನೆ ಬರುತ್ತದೆ, ನಮ್ಮಲ್ಲಿ ಅದೇ ಪರೀಕ್ಷೆ. ಪ್ರಮಾಣ ಮಾಡಿದ ಔಷಧಿಯವರು, ಅಂದರೆ ನಮ್ಮವರು, ಹೂಂ ಅಂದರೆ ಅವಳ ತಲೆ ಹೋದಂತೆಯೇ.

ವಿಚಾರಣೆಯ ಕೋಣೆಗೆ ನನ್ನನ್ನು ಬಿಡಲಿಲ್ಲ.

"ರೀ, ಬಾಗಿಲ ಸಂದೀಲಿ ವಾಸನೆ ಬಂದೇ ಬರುತ್ತೆ. ಕೆಮ್ತೀನಿ, ಹೂಂ ಅಂದುಬಿಡಿ" ಎಂದೆ.

"ಸಾಯೋದು ಆ ಹುಡುಗಿ ಕಣೆ" ಎಂದು ಒಳಗೆ ಹೋದರು.

ಒಣಗಿಸಿದ ಸಾರಿನ ಗಷ್ಟು ಕೆಂಡಕ್ಕೆ ಬಿದ್ದ ಸದ್ದು ಕೇಳಿತು. ಬೆಳ್ಳುಳ್ಳಿಯ ಘಾಟು ನನ್ನ ತನಕ ಬಂತು. ಕೆಮ್ಮಿದೆ. ಅವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ ಕೆಮ್ಮಿದೆ.

"ನನಗಂತೂ ಮೂಗಿಗೆ ರಾಚ್ತಿದೆ. ಏನ್ರೀ ಟ್ರೀಬೆಲ್, ನೆಗಡಿನಾ?" ಎಂದರು ಪರೀಕ್ಷೆಗೆ ಬಂದಿದ್ದ ಊರ ವೈದ್ಯರು. ಯಾರೋ ನಕ್ಕರು.

"ನೆಗಡಿ ಅಲ್ಲ ಸ್ವಾಮಿ" ಎಂದರು ನಮ್ಮವರು. "ನನ್ನ ಮೂಗು ಸತ್ತು ವರ್ಷಗಳೇ ಆದವು. ಯಾವ ವಾಸನೇನೂ ಬರಲ್ಲ."

ನಾನು ಬಾಗಿಲ ಸಂದಿಗೆ ಕಿವಿ ಹಚ್ಚಿದೆ.

"ಮತ್ತೆ ಇಷ್ಟು ದಿನ ನಮಗೆ ಔಷಧಿ ಅಳೆದುಕೊಟ್ಟಿದ್ದು ಯಾವ ಮೂಗಿಂದಯ್ಯಾ?" ನ್ಯಾಯಾಧೀಶರು ಗುಡುಗಿದರು.

ನಮ್ಮವರು ನನ್ನ ಹೆಸರೆತ್ತಲಿಲ್ಲ. "ಅದಕ್ಕೆ ಏನು ಶಿಕ್ಷೆನೋ ಆಮೇಲೆ ಕೊಡಿ. ಈಗ ತಾಮ್ರದ ತಗಡು ತರಿಸಿ. ಕಣ್ಣು ಇನ್ನೂ ಬದುಕಿದೆ."

ನಾನು ಮನೆಯಲ್ಲಿಲ್ಲದಾಗ ಪಾಷಾಣ ಗುರುತಿಸಲು ಅವರು ಹೀಗೇ ಮಾಡುತ್ತಿದ್ದರು. ಇದ್ದಿಲ ಪುಡಿಯೊಂದಿಗೆ ಪಾಷಾಣವನ್ನು ಎರಡು ತಗಡುಗಳ ನಡುವೆ ಬಿಗಿದು ಕಾಯಿಸಿದರೆ ತಾಮ್ರ ಬೆಳ್ಳಗಾಗುತ್ತದೆ. ಮೊದಲು ಅಂಗಡಿಯ ಪಾಷಾಣದಿಂದಲೇ ಮಾಡಿ ತೋರಿಸಿದರು. ತಾಮ್ರ ಬೆಳ್ಳಿಯಂತಾಯಿತಂತೆ. ಆಮೇಲೆ ಸಾರಿನ ಗಷ್ಟು.

"ಮಸಿ ಒರೆಸಿ" ಎಂದರು ವೈದ್ಯರು. ಸ್ವಲ್ಪ ಹೊತ್ತಿಗೆ ಅವರದೇ ದನಿ, "ತಾಮ್ರ ಕೆಂಪಗೇ ಇದೆ."

"ಹಾಗಾದ್ರೆ ವಾಸನೆ ಎಲ್ಲಿಂದ ಬಂತು? ಸಾರಿಗೆ ಏನು ಹಾಕಿದ್ದೆ ಹುಡುಗಿ?" ನ್ಯಾಯಾಧೀಶರು ಕೇಳಿದರು.

"ಕಾಡು ಬೆಳ್ಳುಳ್ಳಿ ಸೊಪ್ಪು, ಬುದ್ಧಿ" ಕುನಿಗುಂಡೆ ಅಳುತ್ತಲೇ ಹೇಳಿದಳು. "ಈ ಕಾಲ್ದಲ್ಲಿ ಅದನ್ನ ಹಾಕ್ದೇ ಯಾರ ಮನೇಲಿ ಸಾರು ಮಾಡ್ತಾರೆ?"

ಬೆಳಿಗ್ಗೆ ನಮ್ಮ ಮನೆಯ ಸಾರಿಗೂ ಅದೇ ಸೊಪ್ಪನ್ನು ನನ್ನ ಕೈಯಾರೆ ಹೆಚ್ಚಿ ಹಾಕಿದ್ದೆ.

ಕುನಿಗುಂಡೆ ಮನೆಗೆ ಹೋದಳು. ನಮ್ಮ ಅಂಗಡಿಯ ಹೆಸರಿನ ಹಲಗೆ ಕೆಳಗಿಳಿಯಿತು. ಈಗ ಇವರು ಸಾಬೂನು ಕಾಯಿಸುತ್ತಾರೆ, ನಾನು ಮಾರುತ್ತೇನೆ. ಆ ಎರಡು ಕೆಮ್ಮಿನ ಮಾತನ್ನು ಅವರು ಇವತ್ತಿನ ತನಕ ಎತ್ತಿಲ್ಲ. ನಿಜವಾದ ನೆಗಡಿಯಾಗಿ ಗಂಟಲು ಕೆರೆದರೂ ಅವರೆದುರು ನಾನು ಕೆಮ್ಮುವುದಿಲ್ಲ, ಹಿತ್ತಲಿಗೆ ಹೋಗುತ್ತೇನೆ.